ಸತ್ತದ್ದು ಸೀಗಡಿ, ಉಳಿದದ್ದು ಮೀನು

"ಮೀನು ಯಾಕ ಸಾಯಲಿಲ್ಲ?"

ಸುಲಭಾ ಯಾರ ಮುಖವನ್ನೂ ನೋಡದೆ ಕೇಳಿದಳು. ಅವಳ ಮೂಗು ಗಾಜಿಗೆ ಒಂದು ಗೇಣು ದೂರದಲ್ಲಿತ್ತು. ಗಾಜಿನಾಚೆ ಕೇಸರಿ ಮೈಯ, ಬಿಳಿ ಪಟ್ಟಿಯ ಎರಡು ಮೀನುಗಳು ಕಲ್ಲಿನ ಸಂದಿಯಲ್ಲಿ ಹೊಕ್ಕು, ಹೊರಬಂದು, ಮತ್ತೆ ಹೊಗುತ್ತಿದ್ದವು. ನೀರು ತಿರುಗಿಸುವ ಮೋಟಾರು ಸಣ್ಣಗೆ ಗುಣುಗುತ್ತಿತ್ತು.

"ಸಾಯಲಿಲ್ಲಂತ ನಿಮಗ ಸಂಕಟ ಆಗ್ಯಾದೇನ್ರಿ ಬಾಯಾರ?" ಅಂದ ಹರಿ. ಅವನ ಅಂಗಿಯ ಕಿಸೆಯಲ್ಲಿ ಮಡಚಿದ ಕಾಗದವೊಂದು ಇಣುಕುತ್ತಿತ್ತು.

ಮಂಗಳವಾರ ಬೆಳಿಗ್ಗೆ ಈ ತೊಟ್ಟಿಯ ಸೀಗಡಿಗಳು, ಶಂಖದ ಹುಳುಗಳು ಎಲ್ಲ ಸತ್ತು ತಳ ಸೇರಿದ್ದವು. ತೊಟ್ಟಿಯನ್ನು ಕಟ್ಟಿಕೊಟ್ಟ ಮುಜೀಬನೇ ವಿಷ ಹಾಕಿದ್ದಾನೆಂದು ಹರಿ ಬರೆದ ದೂರು ಇಂದು ಶುಕ್ರವಾರ ಸಂಜೆ ಐದಕ್ಕೆ ಆಳಂದ ಠಾಣೆಗೆ ಹೋಗಲಿತ್ತು.

ಹರಿ ಈ ಹಲ್ಲಿನ ದವಾಖಾನೆಯಲ್ಲಿ ಚೀಟಿ ಬರೆಯುವವನು, ಡಾಕ್ಟರ್ ವಂದನಾ ಅವರ ಮೈದುನ. ವಂದನಾ ಅವನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ರೋಗಿಗಳ ಬೆಂಚು ಖಾಲಿಯಿತ್ತು.

ಸುಲಭಾ ಜೇವರ್ಗಿ ಠಾಣೆಯಲ್ಲಿ ಎ.ಎಸ್.ಐ. ಆಗಿದ್ದು ಸ್ವಂತ ಇಚ್ಛೆಯಿಂದ ನೌಕರಿ ಬಿಟ್ಟವಳು. ಈಗ ಕರೆದವರ ಮನೆಗೆ ಹೋಗಿ ವಿಚಾರಣೆ ಮಾಡಿಕೊಡುತ್ತಾಳೆ. ಇಲ್ಲಿಗೆ ಅವಳನ್ನು ಕರೆಸಿದ್ದು ಮುಜೀಬನ ತಾಯಿ ಅಖ್ತರಬೇಗಂ.

ಮುಜೀಬನಿಗೆ ಕಾರವಾರದ ಕಡೆ, ಕಡಲ ಜೀವಿಗಳನ್ನು ಸಾಕಿ ನೋಡುವ ಕೇಂದ್ರವೊಂದರಲ್ಲಿ ಕೆಲಸ ಗೊತ್ತಾಗಿತ್ತು. ಪೊಲೀಸರ ಒಂದು ವರದಿ ಮಾತ್ರ ಬಾಕಿ. ಅವನ ಹೆಸರಿನಲ್ಲಿ ಕೇಸು ಬಿದ್ದರೆ ಆ ವರದಿ ಹೇಗೆ ಬರುತ್ತದೆಂದು ಠಾಣೆಯಲ್ಲಿ ದುಡಿದ ಸುಲಭಾಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

"ಡಾಕ್ಟರ್ರ, ಈ ತೊಟ್ಟಿ ಸುರುವಿನಿಂದ ಹ್ಯಾಂಗ ಆತು ಹೇಳ್ರಿ. ನನಗ ಗಂಧಗಾಳಿ ಇಲ್ಲ."

"ನನಗೂ ಇರಲಿಲ್ರಿ," ಅಂದರು ವಂದನಾ. "ಹಲ್ಲು ಕೀಳಸ್ಕೊಳ್ಳಾಕ ಬಂದ ಕೂಸುಗಳು ಅಳ್ತಾವಂತ ಮೀನಿನ ತೊಟ್ಟಿ ಇಡೋಣ ಅಂದೆ. ಸಾದಾ ನೀರಿಂದು ಎಲ್ಲಾ ಕಡಿ ಅದ, ಸಮುದ್ರದ್ದು ಇಡ್ರಿ ಅಂದ ಮುಜೀಬ. ಆದ್ರ ಒಂದು ಮಾತು ತಗೊಂಡ. ಅವಸರ ಮಾಡಬಾರದು ಅಂತ."

"ಅವಸರ ಅಂದ್ರ?"

"ಮೊದಲ ಗಾಜು. ಆಮ್ಯಾಲ ನೀರು. ನಮ್ಮ ಬೋರಿನ ನೀರು ನಡೆಯಂಗಿಲ್ಲ, ಸವಳು. ಫಿಲ್ಟರ್ ನೀರಿಗೆ ಪಾಕೀಟಿನ ಸಮುದ್ರದ ಉಪ್ಪು ಹಾಕಿ ಕಲಸಬೇಕು. ಅಡಗಿ ಉಪ್ಪಲ್ಲ, ಅದ್ರಾಗ ಬ್ಯಾರೆ ಇರ್ತದ. ಆಮ್ಯಾಲ ಮುಂಬೈಲಿಂದ ಸಮುದ್ರದ ಕಲ್ಲು ತರಿಸಿ ಇಟ್ವಿ. ಇಟ್ಟು, ಕುಂತ್ವಿ."

"ಕುಂತ್ರಿ?"

"ಒಂದೂವರೆ ತಿಂಗಳು ಬರೇ ಕಲ್ಲು, ನೀರು. ಮೀನಿನ ಹೊಲಸು ಕರಗಿಸೋ ಕಣ್ಣಿಗಿ ಕಾಣದ ಜೀವ ಆ ಕಲ್ಲಿನ್ಯಾಗ ಬೆಳೀಬೇಕಂತ. ಅವು ಬೆಳೀದs ಮೀನು ಬಿಟ್ರ ತಮ್ಮ ಹೊಲಸಿನ್ಯಾಗ ತಾವs ಸಾಯ್ತಾವ. ವಾರ ವಾರ ಶೀಶಾದಾಗ ನೀರು ಹಿಡದು, ಬಣ್ಣದ ಔಷಧ ಹಾಕಿ ನೋಡ್ತಿದ್ವಿ. ಕಲ್ಲು ಸಾಕ್ಯಾರ ಅಂತ ಊರೆಲ್ಲಾ ನಕ್ತು. ಒಬ್ಬ ಮುದುಕ ಅಂತೂ, ಡಾಕ್ಟರ್ರ, ಈ ಕಲ್ಲಿಗೂ ಹಲ್ಲು ಕೀಳ್ತೀರೇನ್ರಿ ಅಂತ ಕೇಳಿದ."

ವಂದನಾ ನಗಲಿಲ್ಲ. ಗಾಜಿನ ಮೇಲೆ ಬರೆದ ಒಂದು ಕಪ್ಪು ಗೆರೆಯನ್ನು ಬೆರಳಿನಿಂದ ತೋರಿಸಿದರು. "ಇದು ನೀರಿನ ಗೆರಿ. ಬ್ಯಾಸಿಗ್ಯಾಗ ನೀರು ಹಾರಿ ಈ ಗೆರಿ ಬಿಟ್ಟು ಇಳಿತದ. ಆಗ ಬರೇ ಸೀನೀರು ಹಾಕಬೇಕು, ಉಪ್ಪುನೀರಲ್ಲ. ನೀರು ಹಾರತದ, ಉಪ್ಪು ಹಾರಂಗಿಲ್ಲ. ಉಪ್ಪುನೀರು ಹಾಕ್ಕೋತ ಹೋದ್ರ ಉಪ್ಪು ಏರ್ಕೋತ ಹೋಗ್ತದ. ಹೊಸ ಉಪ್ಪುನೀರು ಹಳೇ ನೀರು ತಗದಾಗ ಮಾತ್ರ. ಹದಿನೈದು ದಿನಕ್ಕೊಮ್ಮೆ ಎರಡು ಕೊಡ ತಗೀಬೇಕು, ಎರಡು ಕೊಡ ಹಾಕಬೇಕು."

"ಹೋದ ಸಲ ಹಾಕಿದವರು?"

"ನಾನs," ಅಂದ ಹರಿ. "ಶನಿವಾರ ಅಂವ ಉಪ್ಪು ಕಲಸಿ ನೀಲಿ ಡ್ರಮ್ಮಿನ್ಯಾಗ ಇಟ್ಟು ಕಾರವಾರಕ್ಕ ಹೋದ. ಸೋಮವಾರ ಮುಂಜಾನಿ ಡ್ರಮ್ಮಿನಿಂದ ತಗದು ಹಾಕು ಅಂದಿದ್ದ. ಹಾಕಿದೆ. ಮಂಗಳವಾರ ಹೆಣ ಬಿದ್ದಾವ. ಅಂವ ಕಲಸಿಟ್ಟ ನೀರು ಅದು ಬಾಯಾರ. ನನ್ನ ಕೈಲೆ ಕೊಲ್ಲಿಸ್ಯಾನ."

"ಯಾಕ ಕೊಲ್ಲಿಸ್ತಾನ?"

"ಈ ತೊಟ್ಟಿ ಉದ್ಘಾಟನಾ ದಿನಕ್ಕ ಕಲಬುರಗಿಯಿಂದ ದೊಡ್ಡ ನೀಲಿ ಮೀನು ತರ್ತೇನಿ ಅಂದೆ. ಮಂದಿ ಮುಂದ ನನಗ ಬೈದ. ಇಷ್ಟು ಸಣ್ಣ ತೊಟ್ಟಿಗಿ ಅದನ್ನ ತಂದ್ರ ಎಲ್ಲಾ ಸಾಯ್ತಾವ, ನೀವs ಸಾಕ್ಕೊಳ್ರಿ ಅಂದ. ಸಾಯ್ತಾವ ಅಂದ, ಸತ್ವು. ಮತ್ತೇನ್ರಿ ಬೇಕು?"

ಸುಲಭಾ ಅವನ ದನಿಗೆ ಕಿವಿಗೊಟ್ಟಿದ್ದಳು. ಅವಳ ತಂದೆ ಸಂಜೆಗಳಲ್ಲಿ ತತ್ವಪದ ಹೇಳುತ್ತಿದ್ದವರು. ಹೇಳುವವನು ಯಾವ ಸಾಲಿನಲ್ಲಿ ಉಸಿರು ಕದಿಯುತ್ತಾನೆಂದು ಕೇಳುತ್ತ ಬೆಳೆದ ಕಿವಿ ಅವಳದು. ಹರಿಯ ಮಾತಿನಲ್ಲಿ ಸಿಟ್ಟಿತ್ತು, ಉಸಿರಿನ ಕಳವಿರಲಿಲ್ಲ. ಅವನು ತಾನು ಹೇಳುವುದನ್ನು ನಂಬಿದ್ದ.

"ವಿಷ ಇದ್ರ ಮೀನೂ ಸಾಯಬೇಕಲ್ಲ," ಅಂದಳು. "ಕಲ್ಲು ಮಾರಿದ ಮುಂಬೈಯವರ ನಂಬರ ಅದೇನ್ರಿ ಡಾಕ್ಟರ್ರ?"

ಇತ್ತು. ವಂದನಾ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಆ ಕಡೆಯ ವ್ಯಾಪಾರಿ ಮರಾಠಿಯಲ್ಲಿ ಎಲ್ಲ ಕೇಳಿಸಿಕೊಂಡ. ನೀರಿನ ಉಪ್ಪು ಎಷ್ಟು, ಬಿಸಿ ಎಷ್ಟು, ಮೀನಿನ ಹೊಲಸಿನ ಪರೀಕ್ಷೆ ಏನು ತೋರಿಸಿತು ಎಂದು ವಿಚಾರಿಸಿದ. ಎಲ್ಲವೂ ಸರಿಯಿದ್ದವು. ತೊಟ್ಟಿಯ ಕಲ್ಲಿನ ಮೇಲಿನ ಹವಳದ ಗಿಡ ಮುದುಡಿದೆಯೇ ಎಂದು ಕೇಳಿದ. ಮುದುಡಿತ್ತು.

ಆಮೇಲೆ ಅವನು ಹೇಳಿದ್ದು ಇಷ್ಟೇ. ಮೀನು ಉಳಿದು ಸೀಗಡಿ, ಶಂಖದ ಹುಳು, ಹವಳ ಕೆಟ್ಟಿದ್ದರೆ ನೀರಿಗೆ ತಾಮ್ರ ಬಿದ್ದಿದೆ. ಮೀನು ತಡೆದುಕೊಳ್ಳುತ್ತದೆ. ಸೀಗಡಿಗೆ ಎಳ್ಳಿನಷ್ಟು ಸಾಕು. ಕಲ್ಲು ಕೂಡ ಆ ತಾಮ್ರವನ್ನು ಹೀರಿಟ್ಟುಕೊಂಡಿರುತ್ತದೆ. ನೀರು ಬದಲಿಸುತ್ತ ಇರಿ, ಇದ್ದಿಲಿನ ಜಾಳಿಗೆ ಹಾಕಿ, ಪರೀಕ್ಷೆಯಲ್ಲಿ ತಾಮ್ರ ಪೂರ್ತಿ ಹೋಯಿತೆಂದು ಕಾಣುವವರೆಗೆ ಹೊಸ ಸೀಗಡಿ ತರಬೇಡಿ.

ವಂದನಾ ಫೋನು ಇಟ್ಟರು.

ಹರಿ ತನ್ನ ಮೊಬೈಲನ್ನು ತೆಗೆದು ಒಂದು ಚಿತ್ರವನ್ನು ಸುಲಭಾಳ ಮುಂದೆ ಹಿಡಿದ. ಗಾಜಿನ ಬರಣಿಯಲ್ಲಿ ಕಲ್ಲುಸಕ್ಕರೆಯಂಥ ನೀಲಿ ಹರಳು.

"ನಿನ್ನೆ ಜೇವರ್ಗ್ಯಾಗ ಮುಜೀಬನ ಸಾಕುಮೀನಿನ ಅಂಗಡಿಗಿ ಹೋಗಿದ್ದೆ. ಅಲ್ಲಿ ಹೊಡದ ಫೋಟೋ ಇದು. ಮೈಲುತುತ್ತ. ದ್ರಾಕ್ಷಿಗಿ ಹೊಡಿತಾರಲ್ರಿ, ಅದs. ಮೈಲುತುತ್ತ ಅಂದ್ರ ಏನು? ತಾಮ್ರ. ನೀವು ನನ್ನ ಪರವಾಗಿ ಬಂದೀರೋ, ಅವನ ಪರವಾಗಿ ಬಂದೀರೋ, ತಿಳೀವಲ್ತು ಬಾಯಾರ."

ಸಾದಾ ನೀರಿನ ಮೀನಿನ ಮೈಮೇಲೆ ಬಿಳಿ ಚುಕ್ಕೆ ಎದ್ದರೆ ಅಂಗಡಿಯವರು ಚಿಟಿಕೆ ಮೈಲುತುತ್ತ ಹಾಕುತ್ತಾರೆ ಎಂದು ಮುಜೀಬ ನಿನ್ನೆಯೇ ಸುಲಭಾಗೆ ಹೇಳಿದ್ದ. ಅದರಲ್ಲಿ ಗುಟ್ಟಿರಲಿಲ್ಲ. ಆದರೂ ಮುಜೀಬನನ್ನು ಬಿಡಿಸಲೆಂದು ಸುಲಭಾ ಹುಡುಕಿದ ಮಾತೇ ಈಗ ಅವನ ಕುತ್ತಿಗೆಯ ಗಂಟನ್ನು ಬಿಗಿ ಮಾಡಿತ್ತು.

"ನೀರು ಇಡೋ ಜಾಗ ನೋಡಬಹುದೇನ್ರಿ?" ಅಂದಳು.

ಅಖ್ತರಬೇಗಂ ನಿನ್ನೆ ಕರೆಸಿದಾಗ ಹೇಳಿದ ಮಾತು ಅವಳ ಕಿವಿಯಲ್ಲಿತ್ತು. ನನ್ನ ಮಗ ಹಾಕಿಲ್ಲ ಎಂದು ಆಕೆ ಒಮ್ಮೆಯೂ ಅಂದಿರಲಿಲ್ಲ. 'ಅಲ್ಲಿ ನೀರು ಇಡೋ ಜಾಗ ನೋಡ್ರಿ' ಎಂದು ಮಾತ್ರ ಎರಡು ಸಲ ಅಂದಿದ್ದರು.

ಹಿಂದಿನ ಅಂಗಳದಲ್ಲಿ ಫಿಲ್ಟರ್ ಯಂತ್ರದ ಕೆಳಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮಿತ್ತು. ಸುಲಭಾ ಒಳಗೆ ಕೈಯಾಡಿಸಿದಳು. ಏನೂ ಇಲ್ಲ. ಆಚೆ ಗೋಡೆಗೆ ಹೊಂದಿ ತುಳಸಿಕಟ್ಟೆ. ಕಟ್ಟೆಯ ಪಕ್ಕದಲ್ಲಿ ಕಲ್ಲಿನ ಮೇಲೆ ತಾಮ್ರದ ಹಂಡೆ.

ಅವಳು ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

ಹಂಡೆಯ ಹೊರಮೈ ಕಂದಿತ್ತು. ಅದರ ಹೊಟ್ಟೆಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಎರಡೂ ಹಳೆಯವು, ಒಣಗಿ ಬಿರುಕು ಬಿಟ್ಟಿದ್ದವು. ಒಳಗೆ ಬಗ್ಗಿ ನೋಡಿದರೆ ಮಾತ್ರ ಕಂಚುಗಾರನ ಅಂಗಡಿಯಿಂದ ಈಗ ತಂದಂತೆ ಥಳಥಳ ಹೊಳೆಯುತ್ತಿತ್ತು. ಕಲಾಯಿ ಇರಲಿಲ್ಲ, ಬರಿಯ ತಾಮ್ರ.

"ಇದು ಯಾರದು?"

"ನಮ್ಮ ಅತ್ತೀದು," ಅಂದರು ವಂದನಾ. "ತುಳಜಾಬಾಯಿ ಅಂತ. ಬುಧವಾರ ಕರಜಗಿಗೆ ತವರಮನಿಗಿ ಹೋಗ್ಯಾರ. ಅಮಾಸಿಗಿ, ಹುಣವಿಗಿ ಇದಕ್ಕ ನೀರು ತುಂಬಿ ಗಂಗಾಪೂಜಿ ಮಾಡ್ತಾರ."

"ಈ ಸಲ ಅಮಾಸಿ ಯಾವಾಗ ಇತ್ತು?"

"ಐತವಾರ."

ಶನಿವಾರ ಉಪ್ಪುನೀರು ತಯಾರಾಗಿತ್ತು. ಸೋಮವಾರ ತೊಟ್ಟಿಗೆ ಬಿದ್ದಿತ್ತು. ನಡುವಿನ ದಿನ ಅಮಾವಾಸ್ಯೆ.

"ಹರಿ, ಆ ಎರಡು ಕೊಡ ನೀರು ಐತವಾರ ಈ ಹಂಡೇದಾಗ ಇದ್ದಿರಬಹುದೇನು? ಪೂಜಿ ಆದ ಮ್ಯಾಲ ನಿಮ್ಮ ಅವ್ವ ಮತ್ತ ಡ್ರಮ್ಮಿಗಿ ತುಂಬಿರಬಹುದೇನು?"

"ನಮ್ಮ ಅವ್ವ?" ಹರಿ ಹಲ್ಲು ಕಾಣುವಂತೆ ನಕ್ಕ. "ಉಪ್ಪಿನಕಾಯಿ ಚಮಚಾ ಸುದ್ದಾ ತಾಮ್ರಕ್ಕ ಮುಟ್ಟಿಸಗೊಡಂಗಿಲ್ಲ ಆಕಿ. ಮಜ್ಜಿಗಿ ಇಟ್ರ ಕಿಲುಬು ಏಳತದಂತ ನನಗ ಸಣ್ಣಾಂವ ಇದ್ದಾಗ ಬಡದಾಳ. ಉಪ್ಪುನೀರು ಹಂಡೇದಾಗ ಹಾಕ್ತಾಳಾ? ಕಿಲುಬು ಎಲ್ಲದ ತೋರಿಸ್ರಿ. ಒಳಗ ಮುಖ ಕಾಣಸ್ತದ."

"ಫೋನ್ ಹಚ್ಚಿ ಕೇಳ್ರಿ."

"ಆಕೀ ಹಂತೇಕ ಫೋನ್ ಎಲ್ಲದ. ಕರಜಗ್ಯಾಗ ನಮ್ಮ ಸ್ವಾದರಮಾವಂದು ಮುಂಜಾನಿಂದ ಬಂದ್ ಅದ. ಕರೆಂಟ್ ಹೋಗಿರಬೇಕು." ಅವನು ಕಿಸೆಯ ಕಾಗದವನ್ನು ಮುಟ್ಟಿಕೊಂಡ. "ಐದಕ್ಕ ನಾ ಹೊಂಟೇನಿ. ಹಂಡೇದಾಗ ಇಟ್ಟಿದ್ದು ಕಣ್ಣಾರೆ ಕಂಡವರು ಯಾರರೆ ಇದ್ರ ಕರ್ಕೊಂಡು ಬರ್ರಿ. ನಾ ದೂರು ಹರದು ಒಗಿತೇನಿ. ಇಲ್ಲಂದ್ರ ಬ್ಯಾಡ."

"ಹರಿ," ಅಂದರು ವಂದನಾ, ಮೆಲ್ಲಗೆ.

ಸುಲಭಾ ಹಂಡೆಯ ಪಕ್ಕದ ಮೋರಿಯನ್ನು ನೋಡುತ್ತಿದ್ದಳು. ಅಲ್ಲಿ ಹಿಂಡಿ ಎಸೆದ ಲಿಂಬೆಯ ಸಿಪ್ಪೆಗಳು ಒಣಗಿ ಕಪ್ಪಾಗಿ ಬಿದ್ದಿದ್ದವು. ಒಂದನ್ನು ಎತ್ತಿಕೊಂಡಳು. ಸಿಪ್ಪೆಯ ಒಳಗೆ ಹಸಿರು ಬಣ್ಣ ಹತ್ತಿತ್ತು.

"ಡಾಕ್ಟರ್ರ, ನಿಮ್ಮ ಮನ್ಯಾಗ ತಾಮ್ರ ಯಾವುದರಲೆ ತಿಕ್ಕತೀರಿ?"

"ಹುಣಸಿ ಹಣ್ಣಿಲೆ. ಲಿಂಬಿ ಹಣ್ಣು ತರೋದs ಕಡಿಮಿ."

ತುಳಸಿಕಟ್ಟೆಯ ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿತ್ತು. ಬಗ್ಗಿ ದಾಟುವಷ್ಟು ಎತ್ತರ. ಚಿಲಕ ಈ ಕಡೆ ಇತ್ತು. ತೆಗೆದು ತೆಗೆದು ಅದರ ಕಬ್ಬಿಣ ನುಣುಪಾಗಿತ್ತು.

ಸುಲಭಾ ಚಿಲಕ ಸರಿಸಿ, ತಲೆ ಬಗ್ಗಿಸಿ, ಆಚೆ ಅಂಗಳಕ್ಕೆ ಕಾಲಿಟ್ಟಳು.

ಆ ಅಂಗಳ ಅಖ್ತರಬೇಗಂ ಅವರದು. ಚಾಪೆಯ ಮೇಲೆ ಲಿಂಬೆಹಣ್ಣಿನ ಗುಡ್ಡೆ. ಅಖ್ತರಬೇಗಂ ಈಳಿಗೆಮಣೆಯ ಮುಂದೆ ಕೂತು ಒಂದೊಂದೇ ಹಣ್ಣನ್ನು ನಾಲ್ಕು ಹೋಳು ಮಾಡಿ ಬೋಗುಣಿಗೆ ಹಾಕುತ್ತಿದ್ದರು. ಉಪ್ಪಿನಕಾಯಿ ಹಾಕಿ ಆಳಂದದ ಖಾನಾವಳಿಗಳಿಗೆ ಕೊಡುವುದು ಅವರ ಕಸುಬು. ತುಟಿ ಏನನ್ನೋ ಪಠಿಸುತ್ತಿತ್ತು. ಸುಲಭಾಳನ್ನು ಕಂಡರೂ ಪಠಣ ನಿಲ್ಲಲಿಲ್ಲ. ಮುಗಿದ ಮೇಲೆ ಅಂಗೈಗಳನ್ನು ಮುಖಕ್ಕೆ ಸವರಿಕೊಂಡು ತಲೆಯೆತ್ತಿದರು.

ಸುಲಭಾ ಅಲ್ಲಿಯವರೆಗೆ ನಿಂತೇ ಇದ್ದಳು.

"ಆ ಬಾಗಿಲಲೆ ಬಂದೀರಿ," ಅಂದರು ಅಖ್ತರಬೇಗಂ. "ಕೂಡ್ರಿ. ಚಹಾ ಇಡ್ಲೇನ್ರಿ?"

"ಬ್ಯಾಡ್ರಿ ಖಾಲಾ. ಮುಜೀಬ ಎಲ್ಲಿ?"

"ಜೇವರ್ಗಿಗೆ ಹೋಗ್ಯಾನ. ಅಂಗಡಿ ಮೀನಿಗಿ ತಿನ್ನಾಕ ಹಾಕಬೇಕಲ್ರಿ. ಕೇಸ್ ಆಗ್ತದಂತ ಅವು ಉಪವಾಸ ಇರ್ತಾವೇನು?"

ಸುಲಭಾ ಚಾಪೆಯ ಅಂಚಿನಲ್ಲಿ ಕೂತಳು. ಕೈಯಲ್ಲಿದ್ದ ಒಣ ಸಿಪ್ಪೆಯನ್ನು ಲಿಂಬೆಯ ಗುಡ್ಡೆಯ ಪಕ್ಕದಲ್ಲಿಟ್ಟಳು.

ಅಖ್ತರಬೇಗಂ ಅದನ್ನು ನೋಡಿದರು. ಈಳಿಗೆಯ ಮೇಲಿದ್ದ ಹಣ್ಣು ಹೋಳಾಗದೆ ಹಾಗೇ ನಿಂತಿತು.

"ನೀರು ಇಡೋ ಜಾಗ ನೋಡ್ರಿ ಅಂದಿದ್ರಿ. ನೋಡಿ ಬಂದೆ."

"ಏನು ಕಂಡ್ರಿ?"

"ಒಳಗ ಹೊಳಿಯೋ ಹಂಡೆ. ಹೊರಗ ಹಳೇ ವಿಭೂತಿ." ಸುಲಭಾಳ ದನಿ ಏರಲಿಲ್ಲ. "ಪೂಜಿ ಮಾಡೋರು ಹಂಡೆ ತಿಕ್ಕಿದ್ರ ಒಳಗೂ ತಿಕ್ಕತಾರ, ಹೊರಗೂ ತಿಕ್ಕತಾರ. ಹಳೇದು ತೊಳದು ಹೊಸ ವಿಭೂತಿ ಹಚ್ಚತಾರ. ಹರಿ ತಿಕ್ಕಿದ್ರೂ ಎಲ್ಲಾ ತೊಳೀತಿದ್ದ. ಇದನ್ನ ತಿಕ್ಕಿದವರು ವಿಭೂತಿ ಬಂದ ಕಡಿ ಕೈ ತಡದಾರ. ಅಲ್ಲೊಂದು ಎಳಿನೂ ಅಳಿಸಿಲ್ಲ."

ಅಖ್ತರಬೇಗಂ ಈಳಿಗೆಯ ಮೇಲಿನ ಹಣ್ಣನ್ನು ತೆಗೆದು ಚಾಪೆಯ ಮೇಲಿಟ್ಟರು.

"ಇನ್ನೊಬ್ಬರ ದೇವರು," ಅಂದರು. "ನಾ ಹ್ಯಾಂಗ ಒರಸಲಿ?"

ಆಚೆ ಬೀದಿಯಲ್ಲಿ ಭೂಸನೂರಿನ ಕಡೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರು ಹಾದುಹೋಯಿತು.

"ಹೇಳ್ರಿ ಖಾಲಾ."

"ನಾ ಹೇಳಬಾರದು."

"ನಾ ಹೇಳ್ತೇನಿ. ತಪ್ಪಿದ್ರ ತಿದ್ರಿ." ಸುಲಭಾ ಕಾಲು ಮಡಚಿಕೊಂಡಳು. "ತುಳಜಾಬಾಯಿ ಸಮುದ್ರ ನೋಡಿದವರಲ್ಲ."

ಅಖ್ತರಬೇಗಂ ತಲೆಯಾಡಿಸಿದರು. ಆಮೇಲೆ, ತಾನು ಹೇಳುತ್ತಿರುವುದು ಹಂಡೆಯ ಮಾತಲ್ಲ, ಗೆಳತಿಯ ಮಾತು ಎಂಬಂತೆ ಶುರು ಮಾಡಿದರು.

"ಆಕಿಗಿ ಗಂಗಿ ಅಂದ್ರ ಎಲ್ಲಾ ನೀರೂ ಗಂಗೀನs. ಭೀಮಾದಾಗ ಮುಳುಗ್ಯಾಳ. ಸಮುದ್ರದಾಗ ಒಮ್ಮೆ ಅಮಾಸಿ ಸ್ನಾನ ಮಾಡಬೇಕಂತ ಹರಕಿ ಇತ್ತು. ಯಾರು ಕರ್ಕೊಂಡು ಹೋಗಬೇಕು? ಮುಜೀಬ ಡ್ರಮ್ಮಿನ್ಯಾಗ ಉಪ್ಪು ಕಲಸೋ ದಿನ ಆಕಿ ಈ ಬಾಗಿಲಿಗಿ ಬಂದು ನನಗ ಅಂದಳು, ಬೇಗಂ, ಸಮುದ್ರ ನಮ್ಮ ಅಂಗಳಕ್ಕ ಬಂದಾದ ನೋಡು ಬೇ ಅಂತ."

"ಬಂದ ಸಮುದ್ರಾನ ಪ್ಲಾಸ್ಟಿಕ್ ಡ್ರಮ್ಮಿನ್ಯಾಗ ಹ್ಯಾಂಗ ಪೂಜಿ ಮಾಡೋದು."

"ನಾ ಅಂದಿಲ್ಲ. ನೀವು ಅಂದ್ರಿ."

"ಮಜ್ಜಿಗಿ, ಉಪ್ಪಿನಕಾಯಿ ತಾಮ್ರದಾಗ ಇಡಬಾರದಂತ ಆಕಿಗಿ ಗೊತ್ತಿಲ್ಲೇನು? ಗೊತ್ತದ. ಆದ್ರ ಅದು ಆಕೀ ಕಣ್ಣಿಗಿ ಉಪ್ಪುನೀರಲ್ಲ. ಗಂಗಿ. ಗಂಗಿಗಿ ತಾಮ್ರಾನs ಪಾತ್ರಿ. ಅಮಾಸಿ ಹಗಲು ರಾತ್ರಿ ಹಂಡೇದಾಗ ಇಟ್ಟು, ಪೂಜಿ ಮಾಡಿ, ತಗೊಂಡ ಗಂಗಿನ್ನ ಹೊಳ್ಳಿ ಕೊಡಬೇಕಂತ ಮುಂಜಾನಿ ಮತ್ತ ಡ್ರಮ್ಮಿಗಿ ತುಂಬಿದಳು. ಹರಿ ಅದನ್ನs ತೊಟ್ಟಿಗಿ ಹಾಕಿದ. ಮಂಗಳವಾರ ಸತ್ತ ಹುಳ ನೋಡಿ ಆಕಿ ಹಂಡೇದಾಗ ಬಗ್ಗಿ ನೋಡ್ಯಾಳ. ಹಸರಗ ಕಿಲುಬು ಎದ್ದಿತ್ತು. ಈ ಬಾಗಿಲಿಗಿ ಓಡಿ ಬಂದಾಳ. ತಪ್ಪದೇನ್ರಿ?"

ಅಖ್ತರಬೇಗಂ ತಿದ್ದಲಿಲ್ಲ.

"ಇಬ್ಬರೂ ಕೂಡಿ ತಿಕ್ಕಿದ್ರಿ."

"ಆಕಿ ಅಳಕೋತ ಕುಂತಿದ್ದಳು. ಒಂದು ಹಿಡಿ ಉಪ್ಪು, ಲಿಂಬಿಹಣ್ಣು ತಗೊಂಡು ಹೋಗಿ ನಾನs ತಿಕ್ಕಿದೆ." ಅವರು ತಮ್ಮ ಬೆರಳುಗಳನ್ನು ಮಡಚಿಕೊಂಡರು. "ಹೋದ ವರ್ಷ ಆಕೀ ದೀಪದ ಎಣ್ಣಿ ಸೊಸಿ ಹಲ್ಲಿನ ಮಶೀನ ಮ್ಯಾಲ ಚೆಲ್ಲಿತ್ತು. ಇನ್ನೊಮ್ಮೆ ನಿಮ್ಮ ಪೂಜಿಯಿಂದ ದವಾಖಾನಿಗಿ ಏನರೆ ಆದ್ರ ನೀವು ಕರಜಗ್ಯಾಗ ಇರ್ರಿ ಅಂದಿದ್ದಳು ಡಾಕ್ಟರ್. ಸಿಟ್ಟಿನ್ಯಾಗ ಅಂದಿದ್ದು. ಆದ್ರ ಆಕೀ ಎದಿಯಾಗ ಅದು ಕುಂತದ. ಬೇಗಂ, ಯಾರ ಮುಂದೂ ಹೇಳಬ್ಯಾಡ ಅಂದಳು. ಉಪ್ಪು ಹಿಡಕೊಂಡs ಮಾತು ಕೊಟ್ಟೆ. ಅವತ್ತು ಮುಜೀಬನ ಹೆಸರು ಯಾರೂ ಎತ್ತಿರಲಿಲ್ಲ. ಬುಧವಾರ ಆಕಿ ಹೋದಳು, ಗುರುವಾರ ಈ ದೂರಿನ ಮಾತು ಎದ್ದಿತು. ಆಕಿಗಿ ಗೊತ್ತs ಇಲ್ಲ."

"ಅದಕ್ಕ ನನ್ನ ಕರೆಸಿದ್ರಿ."

"ಹೇಳಂಗಿಲ್ಲಂತ ಮಾತು ಕೊಟ್ಟೇನಿ. ಯಾರೂ ಹುಡುಕಬಾರದಂತ ಕೊಟ್ಟಿಲ್ಲ."

ಸುಲಭಾ ಆ ಮಾತನ್ನು ಎರಡು ಸಲ ಮನಸ್ಸಿನಲ್ಲಿ ಕೇಳಿಸಿಕೊಂಡಳು. ಇಷ್ಟು ವರ್ಷಗಳಲ್ಲಿ ಅವಳನ್ನು ಹೀಗೆ ಬಳಸಿಕೊಂಡವರು ಬೇರೆ ಯಾರೂ ಇರಲಿಲ್ಲ.

"ಹುಡುಕೀನಿ ಖಾಲಾ. ಆದ್ರ ಹುಡುಕಿದ್ದು ಸಾಲೂದಿಲ್ಲ. ನೀವು ಭಾಳ ಚೊಲೋ ತಿಕ್ಕೀರಿ, ಕಿಲುಬು ಉಳಿದಿಲ್ಲ. ಒಂದು ಒಣ ಸಿಪ್ಪಿ ಹಿಡಕೊಂಡು ಹೋದ್ರ ಹರಿ ನಗ್ತಾನ. ಕಣ್ಣಾರೆ ಕಂಡವರನ್ನ ಕರ್ಕೊಂಡು ಬರ್ರಿ, ದೂರು ಹರಿತೇನಿ ಅಂದಾನ. ನೀವು ಬಂದು ಎರಡು ಮಾತು ಹೇಳಿದ್ರ ಮುಗೀತು. ಕಸಮ್ ಮುರಿದ್ರ, ಆಣಿ ಮುರಿದ್ರ, ಕಫಾರಾ ಅಂತ ಪ್ರಾಯಶ್ಚಿತ್ತ ಅದ ಅಂತಾರಲ್ಲ, ಹತ್ತು ಮಂದಿಗಿ ಊಟ ಹಾಕಿದ್ರ ಆತು."

"ಅಲ್ಲಾನ ಹೆಸರಲೆ ಮಾಡಿದ ಕಸಮಿಗಿ ಕಫಾರಾ ಅದ ಬಾಯಾರ. ಅಂವ ದೊಡ್ಡಾಂವ, ಮಾಫ್ ಮಾಡ್ತಾನ. ತುಳಜಾಗ ಕೊಟ್ಟ ಮಾತಿಗಿ ಏನು ಕಫಾರಾ ಅದ?"

"ನಿಮ್ಮ ಮಗನ ನೌಕರಿ ಖಾಲಾ. ಸಮುದ್ರ ಅಂದ್ರ ಅವನಿಗಿ ಜೀವ. ಈ ಬಯಲುಸೀಮ್ಯಾಗ ಹುಟ್ಟಿ ಅಲ್ಲಿ ತನಕ ಹೋಗ್ಯಾನ. ಒಂದು ಕಾಗದಕ್ಕ ಅದು ಹೋಗ್ತದ."

"ನನಗ ಗೊತ್ತಿಲ್ಲೇನ್ರಿ?"

ಅಖ್ತರಬೇಗಂ ಸೆರಗಿನಿಂದ ಮೂಗು ಒರೆಸಿಕೊಂಡು, ಬೋಗುಣಿಯ ಲಿಂಬೆಯ ಮೇಲೆ ಉಪ್ಪು ಸುರಿದು, ಎರಡೂ ಕೈಗಳಿಂದ ಕಲಸತೊಡಗಿದರು. ಬೆರಳಿನ ಸಂದಿಯಲ್ಲಿ ಎಲ್ಲೋ ಗಾಯವಿತ್ತೇನೋ, ಮುಖ ಕಿವುಚಿತು. ಕಲಸುವುದು ನಿಲ್ಲಲಿಲ್ಲ.

"ಮುಜೀಬ ಹುಟ್ಟಿದ ತಿಂಗಳದಾಗ ನನಗ ವಿಷಮಜ್ವರ ಬಂದಿತ್ತು," ಅಂದರು. "ಎದಿ ಬತ್ತಿ ಹೋತು. ಕೂಸು ಆಡಿನ ಹಾಲು ಕಕ್ಕತಿತ್ತು. ಹಕೀಮರು ಕೈ ಚೆಲ್ಲಿದ್ರು. ಆಗ ತುಳಜಾನ ಉಡ್ಯಾಗ ಹರಿ ಇದ್ದ. ಆಕೀ ಅತ್ತಿ ಮಲಗೋದು ಕಾದು ಈ ಬಾಗಿಲಲೆ ಬಗ್ಗಿ ಬರ್ತಿದ್ದಳು. ಒಂದು ಕಡಿ ಹರಿ, ಒಂದು ಕಡಿ ಮುಜೀಬ. ನಾ ಎದ್ದು ಕೂಡೋ ತನಕ ಕುಡಿಸಿದಳು."

ಸುಲಭಾ ಆ ಸಣ್ಣ ಬಾಗಿಲಿನ ಕಡೆ ನೋಡಿದಳು.

"ನಮ್ಮಲ್ಲಿ ಹಾಲು ಕುಡಿಸಿದಾಕಿ ತಾಯಿ, ಬಾಯಾರ. ಅನ್ನೋ ಮಾತಿಗಿ ಅಲ್ಲ, ಖರೇನ ತಾಯಿ. ಅವನಿಗಿ ಇಬ್ಬರು ತಾಯಂದಿರು. ಒಬ್ಬಾಕೀನ ಸೊಸಿ ಮುಂದ, ಮಗನ ಮುಂದ ತಲಿ ತಗ್ಗಿಸಿ ನಿಲ್ಲಿಸಿ, ಇನ್ನೊಬ್ಬಾಕಿ ನೌಕರಿ ಉಳಿಸಿಕೊಡಬೇಕೇನು? ಅಂಥಾ ನೌಕರಿಗಿ ಹೋಗಿ ಅಂವ ಯಾವ ಸಮುದ್ರ ನೋಡ್ಯಾನು?"

"ಮುಜೀಬಗ ಇದು ಗೊತ್ತದೇನು?"

"ಇಲ್ಲ."

"ಹರಿಗೆ?"

"ಹರಿಗೂ ಇಲ್ಲ. ಆಕೀ ಅತ್ತಿಗಿ ತಿಳಿದಿದ್ರ ಆಗs ಮನಿಯಿಂದ ಹೊರಗ ಹಾಕ್ತಿದ್ದಳು. ಆ ಮುದುಕಿ ತೀರಿ ಹೋದ ಮ್ಯಾಲೂ ನಾವು ಬಾಯಿ ಬಿಡಲಿಲ್ಲ. ಬಿಡೋ ಕಾರಣ ಬರಲಿಲ್ಲ."

ಒಬ್ಬನು ತನ್ನ ಜೊತೆಗೇ ಹಾಲು ಕುಡಿದವನ ಮೇಲೆ ಬರೆದ ದೂರನ್ನು ಎದೆಯ ಕಿಸೆಯಲ್ಲಿಟ್ಟುಕೊಂಡು ಗೋಡೆಯ ಆಚೆ ಓಡಾಡುತ್ತಿದ್ದ. ಅವನ ಚಪ್ಪಲಿಯ ಸಪ್ಪಳ ಇಲ್ಲಿಯವರೆಗೆ ಕೇಳುತ್ತಿತ್ತು. ಆಮೇಲೆ ಮೋಟರ್‌ಸೈಕಲ್ಲಿನ ಸ್ಟ್ಯಾಂಡ್ ಎತ್ತಿದ ಸದ್ದು.

ಸುಲಭಾಳ ಫೋನು ಬಡಿದುಕೊಂಡಿತು. ವಂದನಾ.

"ಬಾಯಾರ, ಹರಿ ಹೊಂಟಾನ್ರಿ. ಐದಾಗೋ ತನಕ ನಿಲ್ಲು ಅಂದ್ರ ಕೇಳವಲ್ಲ. ನಿಮ್ಮ ಹಂತೇಕ ಏನರೆ ಇದ್ರ ಲಗೂ ಬರ್ರಿ."

"ಒಂದು ನಿಮಿಷ ಹಿಡೀರಿ ಅವನ್ನ," ಅಂದು ಸುಲಭಾ ಫೋನು ಕಟ್ ಮಾಡಿದಳು. ಎದ್ದು ನಿಂತು ಅಖ್ತರಬೇಗಂ ಅವರ ಕಡೆ ಕೈ ಚಾಚಿದಳು.

"ಖಾಲಾ, ಹಂಡೇದು ಹೇಳಬ್ಯಾಡ್ರಿ. ಉಪ್ಪಿನ ಮಾತು ಉಪ್ಪಿನ ಹತ್ರ ಇರಲಿ. ಹಾಲಿನ ಮಾತು ಮಾತ್ರ ಹೇಳ್ರಿ. ಆ ಬಾಗಿಲಾಗ ನಿಂತು, ಹರೀ, ಮುಜೀಬ ನಿನ್ನ ಜೋಡಿ ಹಾಲು ಕುಡದಾಂವ ಅಂತ ಒಂದs ಮಾತು. ಅದಕ್ಕ ನೀವು ಯಾರಿಗೂ ಆಣಿ ಕೊಟ್ಟಿಲ್ಲ. ಅದನ್ನ ಕೇಳಿ ಅಂವ ಠಾಣೆಗಿ ಹೋಗಂಗಿಲ್ಲ. ನಿಮ್ಮ ಮಗನ ಸಲುವಾಗಿ ಅಷ್ಟು ಮಾಡ್ರಿ."

ಗೋಡೆಯಾಚೆ ಮೋಟರ್‌ಸೈಕಲ್ ಒಂದೇ ಒದೆತಕ್ಕೆ ಶುರುವಾಯಿತು.

ಅಖ್ತರಬೇಗಂ ಚಾಚಿದ ಕೈಯನ್ನು ನೋಡಿದರು. ತಮ್ಮ ಕೈಗಳನ್ನು ಬೋಗುಣಿಯಿಂದ ತೆಗೆಯಲಿಲ್ಲ.

"ಆಕಿ ಕುಡಿಸಿದ ಹಾಲಿನ ಲೆಕ್ಕಾ ಆಕೀ ಮಗನ ಮುಂದ ಕೇಳಾಕ ಹೋಗಲೇನು?" ಅಂದರು. "ಇಲ್ಲ ಬಾಯಾರ. ಹೇಳಂಗಿಲ್ಲ."